ಮನೆ ಹಿಂದಿನ ಕಲ್ಲುಸಾಲಿನ ಮೂಲಪತ್ರ ಹುಡುಕೋದು ಹೇಗೆ?

ಪ್ರಶ್ನೆ: ನನ್ನ ಊರು ಬಂಗಾರಪೇಟೆ. ಹನ್ನೊಂದು ವರ್ಷದಿಂದ ಕ್ಯಾಲಿಫೋರ್ನಿಯಾದ ಫೋಲ್ಸಮ್‌ನಲ್ಲಿದ್ದೇವೆ. ಮನೆ ಹಿಂದೆ ವಾಕಿಂಗ್ ಹೋಗುವ ದಾರಿಯುದ್ದಕ್ಕೂ ದುಂಡುಕಲ್ಲಿನ ಉದ್ದುದ್ದ ಸಾಲುಗಳಿವೆ, ಕೆಲವು ಆಳೆತ್ತರಕ್ಕಿಂತ ಜಾಸ್ತಿ. ಚಿನ್ನ ತೆಗೆದವರು ಹಾಕಿದ್ದು ಅಂತಾರೆ. ನೋಡಿದಾಗೆಲ್ಲ ನಮ್ಮ ಕೆಜಿಎಫ್‌ನ ಸೈನೈಡ್ ದಿಬ್ಬಗಳು ನೆನಪಾಗುತ್ತವೆ. ಮಗ ನಾಲ್ಕನೇ ಕ್ಲಾಸು, ಗೋಲ್ಡ್ ರಶ್, ಅಂದರೆ 1848ರಲ್ಲಿ ಚಿನ್ನ ಸಿಕ್ಕ ಮೇಲೆ ಜನ ಇಲ್ಲಿಗೆ ಮುಗಿಬಿದ್ದ ಕಾಲದ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಸಿಗುವ ಪುಸ್ತಕಗಳಲ್ಲಿ ಬರೀ ತಟ್ಟೆ ಹಿಡಿದ ಗಡ್ಡದವರ ಚಿತ್ರ. ಈ ಜಾಗ ಮೊದಲು ಯಾರದ್ದು, ನದಿ ಹೇಗಿತ್ತು, ಅಗೆದವರು ಯಾರು ಅನ್ನೋದಕ್ಕೆ ಮೂಲ ದಾಖಲೆಗಳು ನಮ್ಮಂಥವರಿಗೆ ನೋಡಲು ಸಿಗುತ್ತವಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಸಿಗುತ್ತವೆ, ಧಾರಾಳವಾಗಿ ಸಿಗುತ್ತವೆ. ಎಷ್ಟೋ ದಾಖಲೆಗಳನ್ನು ಮನೆಯಲ್ಲಿ ಕೂತೇ ನೋಡಬಹುದು. ಇನ್ನಷ್ಟಕ್ಕೆ ಸ್ಯಾಕ್ರಮೆಂಟೊವರೆಗೆ ಹೋಗಿ ಬಂದರೆ ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 'ಗೋಲ್ಡ್ ರಶ್' ಅಂತ ಹುಡುಕಬೇಡಿ. ಆ ಹೆಸರಲ್ಲಿ ಸಿಗೋದು ನಿಮ್ಮ ಮಗನ ಪುಸ್ತಕದಲ್ಲಿರುವ ಗಡ್ಡದವರೇ. ಮುಂದೊಂದು ದಿನ ಯಾರೋ ಓದುತ್ತಾರೆ ಅಂತ ಕಾಗದ ಬರೆದಿಟ್ಟವರು ತುಂಬಾ ಕಡಿಮೆ. ಜಮೀನು ಯಾರದ್ದು ಅಂತ ತಕರಾರು ಬಂದಾಗ ಕಾಗದ ಹುಟ್ಟಿದೆ. ತೆರಿಗೆ ಎತ್ತುವಾಗ ಹುಟ್ಟಿದೆ. ಮೇಲಿನವರು ಬಿಟ್ಟ ಕೆಸರು ಕೆಳಗಿನವರ ಹೊಲಕ್ಕೆ ನುಗ್ಗಿ ಕೋರ್ಟಿಗೆ ಹೋದಾಗಲಂತೂ ರಾಶಿ ರಾಶಿ ಹುಟ್ಟಿದೆ. ಇಷ್ಟು ವರ್ಷ ಈ ನದಿಗಳ ಕಡತ ತಿರುವಿ ಹಾಕಿ ನಾನು ಕಲಿತದ್ದು ಇದನ್ನೇ. ಜಗಳ ಎಲ್ಲಾಯ್ತು ಅಂತ ಹುಡುಕಿ, ದಾಖಲೆ ಅಲ್ಲೇ ಇರುತ್ತೆ.

ನಿಮ್ಮ ಕಲ್ಲುಸಾಲಿನಿಂದಲೇ ಶುರು ಮಾಡೋಣ. ಅದು ತಟ್ಟೆ ಹಿಡಿದವರ ಕೆಲಸ ಅಲ್ಲ. ಡ್ರೆಜ್ ಅನ್ನೋ ತೇಲುವ ಯಂತ್ರದ ಕೆಲಸ. ಎರಡು ಮೂರು ಅಂತಸ್ತಿನ ಮನೆಯನ್ನು ದೋಣಿ ಮೇಲೆ ಕೂರಿಸಿದ ಹಾಗೆ ಇರುತ್ತಿತ್ತು ಅದು. ಬಯಲಲ್ಲಿ ಹೊಂಡ ತೋಡಿ, ನೀರು ತುಂಬಿ, ಅದರೊಳಗೆ ಇದನ್ನು ತೇಲಿಬಿಡೋರು. ಮುಂದುಗಡೆ ಸೈಕಲ್ ಚೈನಿನ ಹಾಗೆ ಸುತ್ತುವ ಕಬ್ಬಿಣದ ಬಕೆಟ್‌ಗಳು ನೆಲ ಕೊರೆದು ಮಣ್ಣು ಕಲ್ಲು ಎಲ್ಲವನ್ನೂ ಮೇಲಕ್ಕೆ ತರುತ್ತಿದ್ದವು, ಒಳಗೆ ಅದನ್ನು ತೊಳೆದು ಜರಡಿ ಹಿಡಿದು, ಪಾದರಸದಲ್ಲಿ ಚಿನ್ನ ಹಿಡಿದುಕೊಂಡು, ಸಣ್ಣ ಮರಳನ್ನು ಹಿಂದೆ ಹತ್ತಿರದಲ್ಲೇ ಕೆಡವಿ, ದಪ್ಪ ಕಲ್ಲನ್ನು ಉದ್ದನೆಯ ಬೆಲ್ಟಿನ ಮೇಲೆ ಸಾಗಿಸಿ ದೂರಕ್ಕೆ ಸುರಿಯುತ್ತಿದ್ದರು. ಯಂತ್ರ ಮುಂದೆ ಹೋದ ಹಾಗೆ ಹೊಂಡವೂ ಜೊತೆಗೆ ಮುಂದೆ ಹೋಗುತ್ತಿತ್ತು. ಬಿಟ್ಟು ಹೋದ ನೆಲ ಮಾತ್ರ ತಲೆಕೆಳಗು. ಮೇಲಿದ್ದ ಮಣ್ಣು ಕೆಳಗೆ, ಕೆಳಗಿದ್ದ ಕಲ್ಲು ಮೇಲೆ. ಆ ಸಾಲಿನ ಮೇಲೆ ಇವತ್ತಿಗೂ ಹುಲ್ಲು ಸರಿಯಾಗಿ ಹುಟ್ಟದಿರೋದು ಅದಕ್ಕೇ.

ಫೋಲ್ಸಮ್ ಸುತ್ತಮುತ್ತ ಡ್ರೆಜ್ ಕೆಲಸ 1890ರ ದಶಕದ ಕೊನೆಗೆ ಶುರುವಾಗಿ 1962ರವರೆಗೂ ನಡೆಯಿತು. ಇದರಲ್ಲಿ ದೊಡ್ಡ ಹೆಸರು ನಟೋಮಾಸ್ ಕಂಪನಿಯದ್ದು. ಅಂದರೆ ನಿಮ್ಮ ಮನೆ ಹಿಂದಿನ ಕಲ್ಲು 1849ರದ್ದಾಗಿರೋದು ಅಪರೂಪ. ನಮ್ಮ ಅಜ್ಜಂದಿರು ಕೆಜಿಎಫ್‌ನಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಿದ್ದ ಕಾಲದ್ದೇ ಇರಬಹುದು. ಆದರೆ ಎಲ್ಲ ಸಾಲೂ ಡ್ರೆಜ್‌ನದ್ದು ಅಂತ ತಿಳಿಯಬೇಡಿ. ಕಲ್ಲನ್ನು ಗೋಡೆ ಕಟ್ಟಿದ ಹಾಗೆ ಒಂದರ ಮೇಲೊಂದು ಜೋಡಿಸಿದ್ದರೆ, ನಡುವೆ ಕಿರಿದಾದ ಕಾಲುವೆ ಇದ್ದರೆ, ಅದು ಇನ್ನೂ ಹಳೆಯದು, ಮನುಷ್ಯರ ಕೈಕೆಲಸ. ನೀರು ಹರಿಸಿ ಮಣ್ಣು ತೊಳೆದು, ಅಡ್ಡ ಬಂದ ಕಲ್ಲನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟದ್ದು. ಆ ಕೆಲಸ ಮಾಡಿದವರಲ್ಲಿ ಚೀನಾದಿಂದ ಬಂದವರು ಬಹಳ. ನೀವೇ ಹೋಗಿ ನೋಡಿ, ವ್ಯತ್ಯಾಸ ಗೊತ್ತಾಗುತ್ತೆ. ಬೇಸಿಗೆಯಲ್ಲಿ ಮಾತ್ರ ಕಲ್ಲಿನ ಸಂದಿಗೆ ಕೈ ಹಾಕಬೇಡಿ, ರ್‍ಯಾಟಲ್ ಹಾವುಗಳಿರುತ್ತವೆ.

ಇದನ್ನು ಕಾಗದದಲ್ಲಿ ನೋಡಬೇಕಂದರೆ ಹಳೇ ವಿಮಾನ ಫೋಟೋಗಳಿವೆ. 1930ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆ ವಿಮಾನದಿಂದ ಜಮೀನುಗಳ ಫೋಟೋ ತೆಗೆಸಿತು. ಅಂಥ ದೊಡ್ಡ ಸಂಗ್ರಹ ಸ್ಯಾಂಟಾ ಬಾರ್ಬರಾ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿದೆ, 'ಫ್ರೇಮ್‌ಫೈಂಡರ್' ಅನ್ನೋ ಅವರ ನಕ್ಷೆಯಲ್ಲಿ ನಿಮ್ಮ ಜಾಗ ಒತ್ತಿದರೆ ಫೋಟೋ ಬರುತ್ತೆ. ಅದರಲ್ಲಿ ಡ್ರೆಜ್ ಹೋದ ದಾರಿ ಬಾಚಣಿಗೆಯಲ್ಲಿ ಬಾಚಿದ ಕೂದಲ ಹಾಗೆ ಕಾಣುತ್ತೆ. ಜೊತೆಗೆ ಭೂವಿಜ್ಞಾನ ಸರ್ವೆಯವರ 'ಟೋಪೋವ್ಯೂ'ನಲ್ಲಿ 1890ರ ದಶಕದಿಂದ ಈಚಿನ ನಕ್ಷೆಗಳಿವೆ. ಮಾರ್ಮನ್ ಐಲ್ಯಾಂಡ್ ಅನ್ನೋ ಊರನ್ನು ಅದರಲ್ಲಿ ಹುಡುಕಿ. 1848ರಲ್ಲಿ ಹುಟ್ಟಿದ ಊರು. 1950ರ ದಶಕದಲ್ಲಿ ಫೋಲ್ಸಮ್ ಅಣೆಕಟ್ಟು ಕಟ್ಟಿದಾಗ ಅದರ ಜಾಗ ಮುಳುಗಿತು. ಈಗಲೂ ಬರ ಬಂದು ಕೆರೆ ತಳ ಕಂಡ ವರ್ಷ ಅದರ ಕಲ್ಲು ಕಟ್ಟಡಗಳ ಅಡಿಪಾಯ ಮೇಲೆ ಬರುತ್ತೆ.

ಈಗ ಜಮೀನಿನ ವಿಷಯ. ನಮ್ಮಲ್ಲಿ ಸೈಟು ಕೊಳ್ಳುವಾಗ ಇಸಿ ತೆಗೆಸಿ, ಮೂಲಪತ್ರ ಕೇಳಿ, ಚೆಕ್ಕುಬಂದಿ ನೋಡುತ್ತೇವಲ್ಲ, ಇಲ್ಲೂ ಅದೇ ಕೆಲಸ. ಸ್ಯಾಕ್ರಮೆಂಟೊ ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ ಮಾರಿದವರ ಹೆಸರಿನ ಸೂಚಿ ಬೇರೆ, ಕೊಂಡವರ ಹೆಸರಿನ ಸೂಚಿ ಬೇರೆ. ನಿಮ್ಮ ಕ್ರಯಪತ್ರದಿಂದ ಹಿಡಿದು ಒಂದೊಂದೇ ಮಾರಾಟ ಹಿಂದೆ ಹೋಗುತ್ತಾ ಇದ್ದರೆ ಬಿಲ್ಡರ್ ಸಿಗುತ್ತಾನೆ, ಅವನ ಹಿಂದೆ ಯಾವುದೋ ಕಂಪನಿ ಬರಬಹುದು, ಅದರ ಹಿಂದೆ ತೋಟದವರು. ಅಮೆರಿಕನ್ ನದಿಯ ದಕ್ಷಿಣ ದಡದಲ್ಲಿ ನಿಮ್ಮ ಮನೆ ಇದ್ದರೆ ಕೊನೆಗೆ ಹೋಗಿ ಮುಟ್ಟೋದು ಬಹುಶಃ ಒಂದೇ ಹೆಸರಿಗೆ, ಮೆಕ್ಸಿಕೋ ಸರಕಾರ ಕೊಟ್ಟ ದೊಡ್ಡ ಜಮೀನಾದ ರಾಂಚೋ ರಿಯೋ ದೆ ಲೋಸ್ ಅಮೆರಿಕಾನೋಸ್.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕ್ಯಾಲಿಫೋರ್ನಿಯಾ 1848ರ ಫೆಬ್ರವರಿವರೆಗೆ ಮೆಕ್ಸಿಕೋದ್ದಾಗಿತ್ತು. ಚಿನ್ನ ಸಿಕ್ಕಿದ್ದು 1848ರ ಜನವರಿ 24ಕ್ಕೆ, ನಿಮ್ಮ ಊರಿನ ಮೇಲ್ಗಡೆ ಕೊಲೋಮಾದಲ್ಲಿ. ಒಂಬತ್ತು ದಿನ ಕಳೆದು, ಕ್ಯಾಲಿಫೋರ್ನಿಯಾವನ್ನು ಅಮೆರಿಕಕ್ಕೆ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಬಿತ್ತು. (ಆ ತಾರೀಖು ಗೊತ್ತಾದ ಬಗೆಯೂ ಮಗನಿಗೆ ಹೇಳುವಂಥದ್ದು. ಚಿನ್ನ ಕಂಡ ಜೇಮ್ಸ್ ಮಾರ್ಷಲ್‌ಗೇ ಆಮೇಲೆ ದಿನ ಸರಿಯಾಗಿ ನೆನಪಿರಲಿಲ್ಲ. ಅಲ್ಲಿ ಕೂಲಿ ಮಾಡುತ್ತಿದ್ದ ಹೆನ್ರಿ ಬಿಗ್ಲರ್ ಅನ್ನೋನು ಆವತ್ತಿನ ಡೈರಿಯಲ್ಲಿ ಕಾಗುಣಿತ ತಪ್ಪು ಮಾಡಿಕೊಂಡು ಒಂದು ಸಾಲು ಗೀಚಿದ್ದ. ತಾರೀಖು ಉಳಿದದ್ದು ಅದರಿಂದ.) ಮೆಕ್ಸಿಕೋ ಕಾಲದಲ್ಲಿ 1844ರಲ್ಲಿ ನದಿ ದಕ್ಷಿಣದ ಸುಮಾರು 35,000 ಎಕರೆಯನ್ನು ವಿಲಿಯಂ ಲೈಡೆಸ್‌ಡಾರ್ಫ್‌ಗೆ ಕೊಟ್ಟಿದ್ದರು. ಕೆರಿಬಿಯನ್ ದ್ವೀಪದಲ್ಲಿ ಹುಟ್ಟಿದ, ಆಫ್ರಿಕನ್ ಮೂಲದ ತಾಯಿಯ ಮಗ. ದೊಡ್ಡ ವ್ಯಾಪಾರಿ. ಚಿನ್ನದ ಸುದ್ದಿ ಲೋಕಕ್ಕೆ ಹಬ್ಬುವ ಮೊದಲೇ, 1848ರ ಮೇನಲ್ಲಿ ತೀರಿಕೊಂಡ. ಜೋಸೆಫ್ ಫೋಲ್ಸಮ್ ಅನ್ನೋ ಸೈನ್ಯಾಧಿಕಾರಿ ಆ ದ್ವೀಪಕ್ಕೇ ಹೋಗಿ ಅವನ ತಾಯಿಯಿಂದ ಹಕ್ಕು ಕೊಂಡುಕೊಂಡ. ನಿಮ್ಮ ಊರಿಗೆ ಹೆಸರು ಬಂದದ್ದು ಹಾಗೆ.

1851ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. ಮೆಕ್ಸಿಕೋ ಕಾಲದ ಜಮೀನು ಯಾರ ಹತ್ತಿರ ಇದೆಯೋ ಅವರೇ ಆಯೋಗದ ಮುಂದೆ ಬಂದು ಸಾಬೀತು ಮಾಡಬೇಕು. 813 ಅರ್ಜಿಗಳು ಬಂದವು. ಎಷ್ಟೋ ಕುಟುಂಬಗಳು ವಕೀಲರ ಫೀಜಿಗೇ ಜಮೀನು ಕಳೆದುಕೊಂಡವು. ಆ ಅನ್ಯಾಯದ ಕಡತಗಳೇ ಇವತ್ತು ನಮ್ಮ ಕೈಲಿರುವ ದೊಡ್ಡ ಆಸ್ತಿ. ಬರ್ಕ್ಲಿಯ ಬ್ಯಾಂಕ್ರಾಫ್ಟ್ ಲೈಬ್ರರಿಯಲ್ಲಿವೆ. ಸ್ಪ್ಯಾನಿಷ್ ಬರದಿದ್ದರೂ ಹೆದರಬೇಡಿ, ಕೋರ್ಟಿಗಾಗಿ ಇಂಗ್ಲಿಷಿಗೆ ಮಾಡಿಸಿದ ಅನುವಾದ ಸಾಮಾನ್ಯವಾಗಿ ಕಡತದೊಳಗೇ ಇರುತ್ತೆ. ಜೊತೆಗೆ 'ದಿಸೇನ್ಯೋ' ಅನ್ನೋ ಕೈನಕ್ಷೆ. ಅರ್ಜಿ ಹಾಕುವಾಗ ಕೊಡುತ್ತಿದ್ದ ಚೆಕ್ಕುಬಂದಿ ಚಿತ್ರ ಅಂತ ತಿಳಿಯಿರಿ. ಅಳತೆ ಅಷ್ಟಕ್ಕಷ್ಟೆ. ನದಿಗೆ ಡೊಂಕು ಗೆರೆ, ಬೆಟ್ಟಕ್ಕೆ ಕಂಬಳಿಹುಳದಂಥ ಗುರುತು, ಓಕ್ ಮರಕ್ಕೆ ಮರದ್ದೇ ಪುಟ್ಟ ಚಿತ್ರ. ಅಂಥ ನಕ್ಷೆ ಮೊದಲ ಸಲ ಮೇಜಿನ ಮೇಲೆ ಬಿಚ್ಚಿಟ್ಟಾಗ ನಾನು ತುಂಬಾ ಹೊತ್ತು ಏನೂ ಬರೆದುಕೊಳ್ಳಲಿಲ್ಲ. ಅಣೆಕಟ್ಟಿಲ್ಲದ, ಕಲ್ಲುಸಾಲಿಲ್ಲದ ನದಿ ಅದು. ಅಂಥ ನಕ್ಷೆಗಳು ನೂರಾರಿವೆ, ಆನ್‌ಲೈನ್‌ನಲ್ಲೂ ನೋಡಬಹುದು.

ಈ ಕೋರ್ಟ್ ಕಡತಗಳಿಗೆ ಬೆಲೆ ಜಾಸ್ತಿಯಾಗಲು ಇನ್ನೊಂದು ಕಾರಣ ಇದೆ. 1906ರ ಭೂಕಂಪದ ಹಿಂದೆಯೇ ಬೆಂಕಿ ಬಂದಾಗ ಸ್ಯಾನ್ ಫ್ರಾನ್ಸಿಸ್ಕೋದ ಸರ್ವೇಯರ್ ಜನರಲ್ ಕಚೇರಿಯಲ್ಲಿದ್ದ ಸ್ಪ್ಯಾನಿಷ್ ಮೂಲಪತ್ರಗಳು ಸುಟ್ಟು ಹೋದವು. ಆ ಬರ್ಕ್ಲಿ ಲೈಬ್ರರಿಗೆ ಮೂಲವಾದ, ಹ್ಯೂಬರ್ಟ್ ಬ್ಯಾಂಕ್ರಾಫ್ಟ್ ಕೂಡಿಸಿದ್ದ ಸಂಗ್ರಹವೂ ಅದೇ ನಗರದಲ್ಲಿತ್ತು, ವಿಶ್ವವಿದ್ಯಾಲಯ ಅದನ್ನು ಕೊಂಡಿದ್ದರೂ ಇನ್ನೂ ಸಾಗಿಸಿರಲಿಲ್ಲ. ಬೆಂಕಿ ಆ ಕಟ್ಟಡ ಮುಟ್ಟಲಿಲ್ಲ.

ಈಗ ನಿಮ್ಮ ಪ್ರಶ್ನೆಯ ತುಂಬಾ ಕಷ್ಟದ ಭಾಗ. 'ಮೊದಲು ಯಾರದ್ದು?' ಲೈಡೆಸ್‌ಡಾರ್ಫ್‌ದ್ದೂ ಅಲ್ಲ, ಮೆಕ್ಸಿಕೋದ್ದೂ ಅಲ್ಲ. ಇಲ್ಲಿನ ಮೂಲನಿವಾಸಿಗಳಾದ ನಿಸೆನಾನ್ ಜನರದ್ದು. ಕೊಲೋಮಾ, ನಟೋಮಾ ಅವರ ಹೆಸರುಗಳು, ನೀವು ದಿನಾ ಹೇಳುತ್ತಿದ್ದೀರಿ. ಅವರ ಬಗ್ಗೆ ಹಳೇ ಕಾಗದ ಬರೆದವರು ಹೆಚ್ಚಾಗಿ ಅವರನ್ನು ಓಡಿಸಿದವರೇ. ಹಾಗಾಗಿ ಓದುವಾಗ ಮೈಯೆಲ್ಲ ಕಣ್ಣಾಗಿರಬೇಕು. 1851ರಿಂದ 52ರ ನಡುವೆ ಸರಕಾರದ ಮೂವರು ಕಮಿಷನರ್‌ಗಳು ಕ್ಯಾಲಿಫೋರ್ನಿಯಾದ ಬುಡಕಟ್ಟುಗಳ ಜೊತೆ 18 ಒಪ್ಪಂದ ಮಾಡಿಕೊಂಡರು. ಅದರಲ್ಲೊಂದು 1851ರ ಜುಲೈ 18ಕ್ಕೆ, ಯೂಬಾ ನದಿ ಹತ್ತಿರದ ಕ್ಯಾಂಪ್ ಯೂನಿಯನ್‌ನಲ್ಲಿ. ನಮ್ಮಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ ಹಾಗೆ ಅಲ್ಲಿ ಹೆಸರಿನ ಮುಂದೆ ಒಂದು ಗುಣಾಕಾರದ ಗುರುತು. ಇಷ್ಟು ಜಾಗ ನಿಮಗೆ ಬಿಟ್ಟಿದ್ದೇವೆ, ಉಳಿದದ್ದು ಬಿಟ್ಟುಕೊಡಿ ಅಂತ ಮಾತು. 1852ರ ಜುಲೈನಲ್ಲಿ ಸೆನೆಟ್ ಬಾಗಿಲು ಹಾಕಿಕೊಂಡು ಹದಿನೆಂಟನ್ನೂ ತಿರಸ್ಕರಿಸಿತು. ಕಾಗದಗಳನ್ನು ಗುಟ್ಟಾಗಿಟ್ಟಿತು. ಅವು ಹೊರಗೆ ಬಂದದ್ದು 1905ರಲ್ಲಿ. ಐವತ್ತಮೂರು ವರ್ಷ! ಹೆಬ್ಬೆಟ್ಟು ಒತ್ತಿದವರಲ್ಲಿ ಎಷ್ಟೋ ಜನ ಅಷ್ಟರಲ್ಲಿ ತೀರಿಹೋಗಿದ್ದರು. ಈಗ ಒಪ್ಪಂದಗಳ ಪೂರ್ತಿ ಪಠ್ಯ ಆನ್‌ಲೈನ್‌ನಲ್ಲಿದೆ. ಮಗನ ಪ್ರಾಜೆಕ್ಟಿನಲ್ಲಿ ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ ಅಂತ ನನ್ನ ಬೇಡಿಕೆ. ಇವತ್ತು ಬದುಕಿರುವ ನಿಸೆನಾನ್ ಜನ ತಮ್ಮ ಕಥೆ ತಾವೇ ಹೇಳುತ್ತಿದ್ದಾರೆ, ಅದನ್ನೂ ಪಕ್ಕದಲ್ಲಿಟ್ಟು ಓದಿ.

ಆ ಕಾಲದಲ್ಲಿ ಯಾರ್‍ಯಾರು ಬಂದು ಸೇರಿದರು ಅನ್ನೋದಕ್ಕೆ 1852ರ ರಾಜ್ಯ ಜನಗಣತಿ ಒಳ್ಳೇದು. 1850ರ ಕೇಂದ್ರ ಗಣತಿಯಲ್ಲಿ ಮೂರು ಕೌಂಟಿಗಳ ಹಾಳೆಗಳೇ ಇಲ್ಲ. 1852ರ ಗಣತಿಯಲ್ಲಿ ಇನ್ನೊಂದು ಅನುಕೂಲ: ಇದಕ್ಕೆ ಮುಂಚೆ ಎಲ್ಲಿದ್ದಿರಿ ಅಂತ ಕೇಳಿ ಬರೆದುಕೊಂಡಿದ್ದಾರೆ. ಇದು ಸ್ಯಾಕ್ರಮೆಂಟೊದ ರಾಜ್ಯ ಪತ್ರಾಗಾರದಲ್ಲಿದೆ, ವಂಶವೃಕ್ಷದ ವೆಬ್‌ಸೈಟುಗಳಲ್ಲೂ ಇದೆ. ಚೀನೀಯರಿಗೆ ಮಾತ್ರ ಗಣತಿಗಿಂತ ತೆರಿಗೆ ರಸೀದಿ ಮೇಲು. ಗಣತಿಯವರು ಎಷ್ಟೋ ಕಡೆ ಅವರ ಹೆಸರು ಬರೆಯೋ ಶ್ರಮವನ್ನೇ ತೆಗೆದುಕೊಂಡಿಲ್ಲ. ದುಡ್ಡು ಎತ್ತುವವರು ಲೆಕ್ಕ ತಪ್ಪಿಸಿಲ್ಲ. 1850ರಲ್ಲಿ ಹೊರದೇಶದ ಗಣಿಗಾರರಿಗೆ ತಿಂಗಳಿಗೆ 20 ಡಾಲರ್ ತೆರಿಗೆ ಹಾಕಿದರು. 1851ರಲ್ಲಿ ಅದು ರದ್ದಾಯಿತು, 1852ರಲ್ಲಿ 3 ಡಾಲರ್ ಮಾಡಿ ಮತ್ತೆ ತಂದರು, ಅದರ ಹೊರೆ ಬಿದ್ದದ್ದು ಹೆಚ್ಚಾಗಿ ಚೀನೀಯರ ಮೇಲೆ. ಚೀನೀಯರ ವಲಸೆ ತಡೆಯುವ 1882ರ ನಿಷೇಧ ಕಾನೂನು ಬಂದ ಮೇಲೆ ಅವರ ಕಡತಗಳು ಫೋಟೋ ಸಮೇತ ಬೆಳೆದವು. ಅವು ಸ್ಯಾನ್ ಬ್ರೂನೋದ ರಾಷ್ಟ್ರೀಯ ಪತ್ರಾಗಾರದಲ್ಲಿವೆ.

ಹೆಸರು ಬದಲಾಗೋದನ್ನು ಗಮನದಲ್ಲಿಡಿ. ಕಪ್ಪು ಜನರು 1849ರಲ್ಲಿ ಚಿನ್ನ ತೊಳೆದ ಫೋಲ್ಸಮ್ ಪಕ್ಕದ ನದಿದಂಡೆಗೆ ನೀಗ್ರೋ ಬಾರ್ ಅಂತಿದ್ದರು. 2022ರಲ್ಲಿ ಆ ಪಾರ್ಕಿನ ಹೆಸರು ಬ್ಲ್ಯಾಕ್ ಮೈನರ್ಸ್ ಬಾರ್ ಅಂತಾಯಿತು. ಆದದ್ದು ಸರಿಯೇ. ಆದರೆ ಹಳೇ ಕಾಗದದಲ್ಲಿ ಹೊಸ ಹೆಸರು ಇರಲ್ಲ, ಎರಡೂ ಹಾಕಿ ಹುಡುಕಬೇಕು.

ನದಿ ಹೇಗಿತ್ತು ಅಂತ ಕೇಳಿದಿರಿ. ಅದಕ್ಕೆ ಎಲ್ಲಕ್ಕಿಂತ ದೊಡ್ಡ ಜಗಳದ ಹತ್ತಿರ ಹೋಗಬೇಕು. ನಿಮ್ಮ ಉತ್ತರಕ್ಕೆ, ಯೂಬಾ ನದಿಗೆ. 1853ರಲ್ಲಿ ನೆವಾಡಾ ಸಿಟಿ ಹತ್ತಿರ ಗುಡ್ಡಕ್ಕೆ ಪೈಪಿನಿಂದ ನೀರು ಹೊಡೆದು ಮಣ್ಣು ಇಳಿಸುವ ವಿದ್ಯೆ ಕಂಡುಕೊಂಡರು. ನಮ್ಮ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಕೂತು ಮರಳು ತೊಳೆಯುತ್ತಿದ್ದರಲ್ಲ, ಅದೇ ಕೆಲಸವನ್ನು ಇಡೀ ಗುಡ್ಡಕ್ಕೆ ಮಾಡಿದ ಹಾಗೆ. ಕೆಸರೆಲ್ಲ ನದಿಗೆ. ಕೆಳಗೆ ಮೇರಿಸ್‌ವಿಲ್ ಊರಲ್ಲಿ ನದಿಯ ತಳ ಬೀದಿಗಿಂತ ಎತ್ತರವಾಯಿತು. ಊರಿನ ಸುತ್ತ ಒಡ್ಡು ಕಟ್ಟಿದರು, 1875ರ ಜನವರಿಯಲ್ಲಿ ನೀರು ಆ ಒಡ್ಡು ದಾಟಿ ಒಳಗೆ ಬಂತು. ಕೊನೆಗೆ ಎಡ್ವರ್ಡ್ಸ್ ವುಡ್ರಫ್ ಅನ್ನೋ ಆಸ್ತಿವಂತ ನಾರ್ತ್ ಬ್ಲೂಮ್‌ಫೀಲ್ಡ್ ಗಣಿ ಕಂಪನಿ ಮೇಲೆ ಕೇಸು ಹಾಕಿದ. 1884ರ ಜನವರಿ 7ಕ್ಕೆ ನ್ಯಾಯಾಧೀಶ ಲೊರೆಂಜೊ ಸಾಯರ್ ತೀರ್ಪು ಕೊಟ್ಟು, ನದಿಗೆ ಹೂಳು ಬಿಡಕೂಡದು ಅಂತ ತಡೆದರು.

ಆ ತೀರ್ಪು ಓದಿ. ಪೂರ್ತಿ ಆಗದಿದ್ದರೆ ಮೊದಲ ಭಾಗ ಓದಿ. ಆನ್‌ಲೈನ್‌ನಲ್ಲಿದೆ. ಕಾನೂನಿನ ಮಾತಿಗೆ ಬರುವ ಮುಂಚೆ ಅವರು ನದಿಯನ್ನೇ ವರ್ಣಿಸುತ್ತಾರೆ. ಮೊದಲು ಎಷ್ಟು ಆಳ ಇತ್ತು, ದಡದಲ್ಲಿ ಯಾವ ತೋಟ ಇತ್ತು, ಈಗ ಎಷ್ಟು ಅಗಲಕ್ಕೆ ಮರಳು ಹರಡಿದೆ ಅಂತ. ರೈತರು, ಗಣಿಯವರು, ದೋಣಿಯವರು ಕೊಟ್ಟ ಸಾಕ್ಷಿ ಸಾವಿರಾರು ಪುಟ. ಸಾಮಾನ್ಯ ರೈತನೊಬ್ಬ ತನ್ನ ಹೊಲದ ನದಿ ಹೇಗಿತ್ತು ಅಂತ ಬಾಯಿ ಬಿಟ್ಟು ಹೇಳಿದ್ದು ಇನ್ನೆಲ್ಲೂ ಇಷ್ಟು ವಿವರವಾಗಿ ಸಿಗಲ್ಲ. ಜಗಳ ಹುಡುಕಿ ಅಂದದ್ದು ಇದಕ್ಕೇ.

ಅಳತೆ ಬೇಕಂದರೆ 1917ರಲ್ಲಿ ಭೂವಿಜ್ಞಾನಿ ಜಿ. ಕೆ. ಗಿಲ್ಬರ್ಟ್ ಸರಕಾರಕ್ಕೆ ಕೊಟ್ಟ ವರದಿ ಇದೆ, ಅದೂ ಉಚಿತ. ಯೂಬಾ ನದಿ ಪ್ರದೇಶದಿಂದಲೇ ಸುಮಾರು 68 ಕೋಟಿ ಘನ ಗಜ ಮಣ್ಣು ಇಳಿದಿದೆ ಅಂತ ಅವರ ಅಂದಾಜು. ಸಿಯೆರ್ರಾ ಬೆಟ್ಟಸಾಲಿನ ಗಣಿಗಳ ಒಟ್ಟು ಲೆಕ್ಕ ಪನಾಮಾ ಕಾಲುವೆಗೆ ತೋಡಿದ ಮಣ್ಣಿನ ಎಂಟರಷ್ಟು. ಇನ್ನೂ ಹಿಂದಿನದಕ್ಕೆ, 1878ರಲ್ಲಿ ರಾಜ್ಯದ ಮೊದಲ ಎಂಜಿನಿಯರ್ ಆದ ವಿಲಿಯಂ ಹ್ಯಾಮಂಡ್ ಹಾಲ್ ಅವರ ಕಾಗದಗಳು ರಾಜ್ಯ ಪತ್ರಾಗಾರದಲ್ಲಿವೆ.

ಇಂಥ ಕಾಗದಗಳಲ್ಲಿ 'ಮೈನರ್ಸ್ ಇಂಚ್' ಅಂತ ಬಂದರೆ ಉದ್ದ ಅಂತ ತಿಳಿಯಬೇಡಿ. ನೀರು ಅಳೆಯುವ ಲೆಕ್ಕ ಅದು. ಹಲಗೆಯಲ್ಲಿ ಒಂದು ಚದರ ಇಂಚಿನ ತೂತು, ಅದರ ಮೇಲೆ ಗೊತ್ತಾದಷ್ಟು ನೀರು ನಿಲ್ಲಿಸಿ, ಆ ತೂತಿನಿಂದ ಹರಿಯುವಷ್ಟು ನೀರು ಒಂದು ಇಂಚು. ನೀರು ಎಷ್ಟೆತ್ತರ ನಿಲ್ಲಿಸಬೇಕು ಅನ್ನೋದು ಜಿಲ್ಲೆಗೊಂದು ಥರ. 1901ರ ಕಾನೂನು ಬಂದ ಮೇಲೆ ಸೆಕೆಂಡಿಗೆ ಸುಮಾರು 0.7 ಲೀಟರ್ ಅಂತ ಗೊತ್ತಾಯಿತು. ಅದಕ್ಕೂ ಹಿಂದಿನ ಎರಡು ಕಂಪನಿಗಳ ಲೆಕ್ಕವನ್ನು ಸುಮ್ನೆ ಪಕ್ಕಪಕ್ಕ ಇಟ್ಟು ಹೋಲಿಸಿದರೆ ತಪ್ಪಾಗುತ್ತೆ.

ಪತ್ರಿಕೆಗಳಿಗೆ ಕ್ಯಾಲಿಫೋರ್ನಿಯಾ ಡಿಜಿಟಲ್ ನ್ಯೂಸ್‌ಪೇಪರ್ ಕಲೆಕ್ಷನ್ ಸಾಕು, ದುಡ್ಡಿಲ್ಲ. ಸ್ಯಾಕ್ರಮೆಂಟೊ ಡೈಲಿ ಯೂನಿಯನ್ 1851ರಿಂದ ಇದೆ. ಆಗಿನವರ ಮಾತಲ್ಲೇ ಹುಡುಕಬೇಕು. 'ಮಾಲಿನ್ಯ' ಅಂತ ಅವರು ಬರೆದಿರಲ್ಲ. ಹೊಲಕ್ಕೆ ನುಗ್ಗಿದ ಆ ನುಣುಪು ಕೆಸರಿಗೆ ರೈತರು 'ಸ್ಲಿಕೆನ್ಸ್' ಅಂತಿದ್ದರು. ಆ ಪದ ಹಾಕಿ ನೋಡಿ, ಪತ್ರಿಕೆ ಬಾಗಿಲು ತೆಗೆದುಕೊಳ್ಳುತ್ತೆ. ಗಣಿಯಿಂದ ಬಿಟ್ಟ ಮಣ್ಣುಕಲ್ಲಿಗೆ ಹೇಳುತ್ತಿದ್ದ 'ಟೇಲಿಂಗ್ಸ್', 'ಡೆಬ್ರಿ' ಕೂಡ.

ನೀವು ಕೋಲಾರ ಸೀಮೆಯವರಾದ್ದರಿಂದ ಇನ್ನೊಂದು. ಫೋಲ್ಸಮ್‌ನ ಹಳೇ ಪವರ್‌ಹೌಸ್ ನೋಡಿದ್ದೀರಲ್ವಾ? 1895ರಲ್ಲಿ ಅಮೆರಿಕನ್ ನದಿಯ ನೀರಿನಿಂದ ಕರೆಂಟು ಮಾಡಿ 22 ಮೈಲಿ ದೂರದ ಸ್ಯಾಕ್ರಮೆಂಟೊಗೆ ಕಳಿಸಿದರು. ಏಳು ವರ್ಷ ಕಳೆದು, 1902ರಲ್ಲಿ, ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಕರೆಂಟು ಮಾಡಿ ಸುಮಾರು 92 ಮೈಲಿ ದೂರದ ಕೆಜಿಎಫ್ ಗಣಿಗೆ ಕಳಿಸಿದರು. ಎರಡೂ ಕಡೆ ವಿದ್ಯುತ್ ಯಂತ್ರ ಕೊಟ್ಟದ್ದು ಜನರಲ್ ಎಲೆಕ್ಟ್ರಿಕ್. ಎರಡರ ಚಿತ್ರವನ್ನೂ ಮಗ ಪ್ರಾಜೆಕ್ಟಿಗೆ ಅಂಟಿಸಲಿ.

ಪಾದರಸದ ಮಾತು ಬಂತಲ್ಲ, ಅದು ಇನ್ನೂ ಹೋಗಿಲ್ಲ. ನದಿ ತಳದಲ್ಲಿದೆ, ಮೀನಿನೊಳಗಿದೆ. ಲೇಕ್ ನಟೋಮಾದ ಮೀನು ಎಷ್ಟು ತಿನ್ನಬಹುದು ಅಂತ ರಾಜ್ಯ ಸರಕಾರದ ಎಚ್ಚರಿಕೆ ಪಟ್ಟಿ ಇದೆ. ಮಕ್ಕಳಿಗೆ, ಬಸುರಿಯರಿಗೆ ಬೇರೆ ಮಿತಿ. ನೀವು ಮೀನು ಹಿಡಿದು ತಿನ್ನುವವರಾದರೆ ಪ್ರಾಜೆಕ್ಟಿಗಿಂತ ಮೊದಲು ಅದನ್ನು ಓದಿ.

ಇಷ್ಟೆಲ್ಲ ಒಂದು ಚಾರ್ಟ್ ಪೇಪರಿಗೆ ಹಿಡಿಸಲ್ಲ. ಮೂರೇ ಚಿತ್ರ ಸಾಕು. ಮೊದಲು ದಿಸೇನ್ಯೋ ನಕ್ಷೆ, ಅದರ ಪಕ್ಕ 1930ರ ದಶಕದ ವಿಮಾನ ಫೋಟೋ, ಆಮೇಲೆ ನಿಮ್ಮ ಫೋನಿನಲ್ಲಿ ಇವತ್ತು ತೆಗೆದದ್ದು. ಮೂರರಲ್ಲೂ ನದಿಯ ಅದೇ ತಿರುವನ್ನು ಹುಡುಕಿ ನೀಲಿ ಬಣ್ಣದಲ್ಲಿ ತೀಡಲಿ. ನಿಸೆನಾನ್ ಒಪ್ಪಂದದ ಆ ಗುಣಾಕಾರದ ಗುರುತುಗಳಿರುವ ಪುಟದ ಒಂದು ಪ್ರತಿಯನ್ನು ಮೇಲ್ಗಡೆ ಹಾಕಲಿ.

ರಾಜ್ಯ ಪತ್ರಾಗಾರಕ್ಕೆ ಹೋಗುವ ಒಂದು ವಾರ ಮುಂಚೆ ಇಮೇಲ್ ಮಾಡಿ, ಏನು ನೋಡಬೇಕು ಅಂತ ಬರೆಯಿರಿ. ಅಲ್ಲಿನ ಸಿಬ್ಬಂದಿ ನಿಜಕ್ಕೂ ಸಹಾಯ ಮಾಡುತ್ತಾರೆ. ಮಗನನ್ನು ಕರೆದುಕೊಂಡು ಹೋಗಬಹುದಾ ಅಂತಲೂ ಅದರಲ್ಲೇ ಕೇಳಿಕೊಳ್ಳಿ. ಓದುವ ಕೋಣೆಗೆ ಪೆನ್ನು ಬಿಡಲ್ಲ, ಇಬ್ಬರಿಗೂ ಒಂದೊಂದು ಪೆನ್ಸಿಲ್ ಇಟ್ಟುಕೊಳ್ಳಿ.